ಹವಳದ ಮೇಲೆ ನಿಂತ ತೆಂಗು

(ದಬ್ಬೇಘಟ್ಟದಲ್ಲಿ ತೆಂಗು ಬೆಳೆಗಾರರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಪಠ್ಯ)



ತುರುವೇಕೆರೆ ತಾಲ್ಲೂಕಿನ ಈ ದಬ್ಬೇಘಟ್ಟದಿಂದ ತಿಪಟೂರಿನ ಕಡೆಗೆ ಹೊರಟರೂ, ಚಿಕ್ಕನಾಯಕನಹಳ್ಳಿಯ ಕಡೆಗೆ ಹೊರಟರೂ ದಾರಿಯುದ್ದಕ್ಕೂ ಜೊತೆ ಬರುವುದು ತೆಂಗಿನ ತೋಟ. ಇಲ್ಲಿನ ಮನೆಗಳ ಅಟ್ಟದ ಮೇಲೆ ಕಾಯಿಗಳು ತಿಂಗಳುಗಟ್ಟಲೆ ಕುಳಿತು, ಒಳಗಿನ ನೀರು ತಾನಾಗಿಯೇ ಆರಿ, ಉಂಡೆ ಕೊಬ್ಬರಿಯಾಗುತ್ತವೆ. ತಿಪಟೂರಿನ ಮಾರುಕಟ್ಟೆಯಲ್ಲಿ ಅದಕ್ಕೆ ಕೂಗುವ ಬೆಲೆಯ ಮೇಲೆ ಮಗಳ ಮದುವೆ, ಮಗನ ಓದು, ಸಾಲದ ಕಂತು ಎಲ್ಲವೂ ನಿಂತಿವೆ. ತೆಂಗು ಕಡಲಂಚಿನ ಮರವೆಂದು ಪುಸ್ತಕಗಳು ಹೇಳುತ್ತವೆ. ಆದರೆ ಈ ಸೀಮೆಯ ತೆಂಗು ಕಡಲನ್ನು ಕಂಡಿಲ್ಲ.

ಕಡಲನ್ನು ಬಿಟ್ಟು ಬೇರೇನನ್ನೂ ಕಾಣದ ತೆಂಗಿನ ಸೀಮೆಯೊಂದು ನಮ್ಮ ದೇಶದಲ್ಲಿಯೇ ಇದೆ. ಅದು ಲಕ್ಷದ್ವೀಪ. ಅರಬ್ಬೀ ಸಮುದ್ರದಲ್ಲಿ, ಕೊಚ್ಚಿಯಿಂದ 220ರಿಂದ 440 ಕಿಲೋಮೀಟರು ದೂರದಲ್ಲಿ ಹರಡಿಕೊಂಡಿರುವ ಸಣ್ಣ ಸಣ್ಣ ನಡುಗಡ್ಡೆಗಳು. ಎಲ್ಲ ದ್ವೀಪಗಳ ನೆಲವನ್ನೂ ಕೂಡಿಸಿದರೆ ಸುಮಾರು 32 ಚದರ ಕಿಲೋಮೀಟರು. ಅಂದರೆ ನಮ್ಮಲ್ಲಿನ ಕೆಲವು ಹಳ್ಳಿಗಳ ಎಲ್ಲೆ ಸೇರಿದರೆ ಆಗುವಷ್ಟು ಜಾಗ. ಅಷ್ಟರಲ್ಲಿಯೇ 2011ರ ಜನಗಣತಿಯಂತೆ 64 ಸಾವಿರಕ್ಕೂ ಮಿಕ್ಕ ಜನರಿದ್ದಾರೆ. ಅವರ ಬದುಕು ಎರಡರ ಮೇಲೆ ನಿಂತಿದೆ: ಒಂದು ತೆಂಗು, ಇನ್ನೊಂದು ಮೀನು.

ಈ ಮಾತು ಪ್ರವಾಸದ ವರ್ಣನೆಗಾಗಿ ಅಲ್ಲ. ಒಂದೇ ಬೆಳೆಯನ್ನು ನಂಬಿದ ಎರಡು ಸೀಮೆಗಳು ನೀರನ್ನೂ ನೆಲವನ್ನೂ ಹೇಗೆ ಕಂಡಿವೆ ಎಂಬುದನ್ನು ಎದುರುಬದುರು ಇಟ್ಟು ನೋಡುವುದು ಈ ಉಪನ್ಯಾಸದ ಉದ್ದೇಶ. ದಬ್ಬೇಘಟ್ಟದ ತೆಂಗು ಬೆಳೆಗಾರರೊಬ್ಬರು ಲಕ್ಷದ್ವೀಪಕ್ಕೆ ಹೊರಟರೆಂದು ಭಾವಿಸಿರಿ. ಅವರ ಕಣ್ಣಿಗೆ ಏನೇನು ಬೀಳಬಹುದು?

ಮಂಗಳೂರಿನ ಹಳೆಯ ನಂಟು

ಹೊರಡುವ ಮೊದಲು ಒಂದು ಸಂಗತಿ ತಿಳಿದಿರಬೇಕು. ಈ ದ್ವೀಪಗಳು ಕನ್ನಡನಾಡಿಗೆ ತೀರಾ ಪರಕೀಯವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳು ಬಹುಕಾಲ ಮಂಗಳೂರಿನ ಆಡಳಿತಕ್ಕೆ ಸೇರಿದ್ದವು. ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಅಮಿನಿಯ ಜನ 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನನ್ನು ಕಂಡು, ತಮ್ಮ ದ್ವೀಪಗಳನ್ನು ವಹಿಸಿಕೊಳ್ಳುವಂತೆ ಬೇಡಿಕೊಂಡರು. ಹೀಗೆ ಆ ದ್ವೀಪಗಳು ಶ್ರೀರಂಗಪಟ್ಟಣದ ಅಧೀನಕ್ಕೆ ಬಂದವು. 1799ರಲ್ಲಿ ಟಿಪ್ಪು ಮಡಿದ ಬಳಿಕ ಅವು ಬ್ರಿಟಿಷರ ಕೈಸೇರಿದವು. ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಉಳಿದವು. 1956ರ ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಾದ ದಿನವೇ, ಎಲ್ಲ ದ್ವೀಪಗಳೂ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ಲಕ್ಷದ್ವೀಪವೆಂಬ ಹೆಸರು ಬಂದದ್ದು 1973ರಲ್ಲಿ.

ಆ ಕಾಲದ ನಂಟು ಕೇವಲ ಕಾಗದದ್ದಲ್ಲ. ದ್ವೀಪದ ಜನ ತೆಂಗಿನ ನಾರಿನ ಹುರಿಯನ್ನು ಹಾಯಿ ಹಡಗುಗಳಲ್ಲಿ ತುಂಬಿಕೊಂಡು ಮಂಗಳೂರಿಗೆ ಬರುತ್ತಿದ್ದರು. ಬದಲಿಗೆ ಅಕ್ಕಿಯನ್ನು ಒಯ್ಯುತ್ತಿದ್ದರು. ಹುರಿಯ ವ್ಯಾಪಾರ ಆಳುವವರ ಏಕಸ್ವಾಮ್ಯವಾಗಿತ್ತು. ಬೆಲೆ ಕಟ್ಟುವವರು ಅವರು, ಅಕ್ಕಿ ಅಳೆಯುವವರೂ ಅವರೇ. ಬೆಳೆದವನ ಕೈಯಲ್ಲಿ ಬೆಲೆಯಿಲ್ಲದಿರುವ ಆ ಸಂಕಟವನ್ನು ಕೊಬ್ಬರಿ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಿಳಿನೀರಿನ ಕೊಳ

ಬೆಳೆಗಾರರು ಪ್ರವೇಶ ಪರವಾನಗಿ ಪಡೆದು ಕೊಚ್ಚಿಯಲ್ಲಿ ಹಡಗು ಹತ್ತುತ್ತಾರೆ. ಪರವಾನಗಿಯಿಲ್ಲದೆ ಹೊರಗಿನವರಿಗೆ ಅಲ್ಲಿ ಕಾಲಿಡುವ ಅವಕಾಶವಿಲ್ಲ. ಮಳೆಗಾಲದಲ್ಲಿ ಕಡಲು ಕೆರಳಿರುವುದರಿಂದ ಅಕ್ಟೋಬರಿನಿಂದ ಮೇ ನಡುಭಾಗದವರೆಗಿನ ಕಾಲವೇ ಪಯಣಕ್ಕೆ ತಕ್ಕದ್ದು. ಒಂದು ರಾತ್ರಿ ಕಳೆದು ಬೆಳಗಾದಾಗ ಕಡುನೀಲಿ ನೀರಿನ ಅಂಚಿನಲ್ಲಿ ಮೊದಲು ತೋರುವುದು ನೆಲವಲ್ಲ, ತೆಂಗಿನ ತಲೆಗಳು. ಏಕೆಂದರೆ ದ್ವೀಪದ ಬಹುಭಾಗ ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರು ಮಾತ್ರ ಎತ್ತರ. ಅಲ್ಲಿ ಗುಡ್ಡವಿಲ್ಲ, ಹಳ್ಳವಿಲ್ಲ, ನದಿಯಿಲ್ಲ, ಒಂದು ಕರಿಕಲ್ಲೂ ಇಲ್ಲ.

ದ್ವೀಪದ ಒಂದು ಮಗ್ಗುಲಿಗೆ, ಸಾಮಾನ್ಯವಾಗಿ ಪಶ್ಚಿಮಕ್ಕೆ, ವಿಶಾಲವಾದ ತಿಳಿನೀರಿನ ಕೊಳವಿರುತ್ತದೆ. ಇದನ್ನು ಲಗೂನ್ ಎನ್ನುತ್ತಾರೆ. ಕೊಳದ ಆಚೆಗೆ ಹವಳದ ದಂಡೆ. ತೆರೆದ ಕಡಲಿನ ಅಲೆಗಳು ಆ ದಂಡೆಗೆ ಬಡಿದು ನೊರೆಯಾಗಿ ಒಡೆಯುತ್ತವೆ. ಒಳಗೆ ಕೊಳ ಮಾತ್ರ ಕೆರೆಯಂತೆ ಶಾಂತವಾಗಿರುತ್ತದೆ. ಉಂಗುರದಂತಹ ಇಡೀ ರಚನೆಗೆ ಅಟಾಲ್ ಎಂದು ಹೆಸರು. ಈ ಪದವನ್ನು ಜಗತ್ತಿಗೆ ಕೊಟ್ಟದ್ದು ಮಾಲ್ದೀವಿನ ಭಾಷೆ. ಅದರ ಒಂದು ರೂಪವನ್ನು ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್ ದ್ವೀಪದವರು ಇಂದಿಗೂ ಮನೆಮಾತಾಗಿ ಆಡುತ್ತಾರೆ. ಲಕ್ಷದ್ವೀಪದಲ್ಲಿ ಇಂತಹ 12 ಅಟಾಲ್‌ಗಳಿವೆ. ನೆಲ 32 ಚದರ ಕಿಲೋಮೀಟರಾದರೆ ಲಗೂನ್‌ಗಳ ವಿಸ್ತಾರ ಸುಮಾರು 4,200 ಚದರ ಕಿಲೋಮೀಟರು. ಆ ಜನರ ನಿಜವಾದ ಹೊಲ ಯಾವುದೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಗಾಜಿನ ತಳದ ದೋಣಿಯಲ್ಲಿ ಕುಳಿತು ನೋಡಿದರೆ ನೀರಿನಡಿಯಲ್ಲಿ ಒಂದು ತೋಟವೇ ಕಾಣುತ್ತದೆ. ಕವಲೊಡೆದ ಹವಳ, ಮೇಜಿನಂತೆ ಹರಡಿದ ಹವಳ, ಬಂಡೆಯಂತೆ ಗುಂಡಾದ ಹವಳ; ನೂರಕ್ಕೂ ಹೆಚ್ಚು ಬಗೆಯ ಹವಳಗಳನ್ನು ಇಲ್ಲಿ ಗುರುತಿಸಲಾಗಿದೆ. ಅವುಗಳ ಸಂದುಗಳಲ್ಲಿ ಚಿಟ್ಟೆಮೀನು, ಗಿಳಿಮೀನು, ಕಡಲ ಹೂವಿನೊಳಗೆ ಅಡಗುವ ಸಣ್ಣ ಮೀನು, ಸಿಂಗಿ, ಅಷ್ಟಪದಿ. ಮರಳಿನ ಮೇಲೆ ಹುಲ್ಲುಗಾವಲಿನಂತೆ ಕಡಲಹುಲ್ಲು. ಅದನ್ನು ದನಗಳಂತೆ ಮೇಯುವ ಹಸಿರಾಮೆಗಳು. ಕವರತ್ತಿಯ ಬಳಿಯಿರುವ ಪಿಟ್ಟಿ ಎಂಬ ಮರವೂ ಇಲ್ಲದ ಮರಳುದಿಬ್ಬದ ಮೇಲೆ ಸಾವಿರಾರು ಕಡಲಹಕ್ಕಿಗಳು ಮೊಟ್ಟೆಯಿಡುತ್ತವೆ. ಅದು ಪಕ್ಷಿಧಾಮವಾಗಿ ರಕ್ಷಣೆ ಪಡೆದಿದೆ.

ಜೀವಿ ಕಟ್ಟಿದ ನೆಲ

ಇಷ್ಟೊಂದು ಜೀವಸಮೃದ್ಧಿಯ ಬೇರು ಎಲ್ಲಿದೆ? ಹವಳವು ಕಲ್ಲಲ್ಲ, ಗಿಡವೂ ಅಲ್ಲ. ಅದು ಸಾಸಿವೆಯಿಂದ ಕಡಲೆಕಾಳಿನ ಗಾತ್ರದವರೆಗಿನ ಮೆತ್ತನೆಯ ಪ್ರಾಣಿಗಳ ವಸಾಹತು. ಈ ಪ್ರಾಣಿಯ ಮೈಯೊಳಗೆ ಕಣ್ಣಿಗೆ ಕಾಣದ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳ ಪಾಚಿಗೆ ಆಸರೆಯನ್ನೂ ಗೊಬ್ಬರವನ್ನೂ ಕೊಡುತ್ತದೆ. ದ್ವಿದಳ ಧಾನ್ಯದ ಬೇರುಗಂಟಿನಲ್ಲಿ ಸೂಕ್ಷ್ಮಾಣುಗಳು ಸಾರಜನಕ ಒದಗಿಸುವುದನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಇದೂ ಅಂತಹುದೇ ಕೂಡುಬಾಳು. ಹೀಗೆ ದೊರೆತ ಶಕ್ತಿಯಿಂದ ಹವಳವು ನೀರಿನಲ್ಲಿನ ಸುಣ್ಣವನ್ನು ಹೀರಿ ತನ್ನ ಸುತ್ತ ಗೂಡು ಕಟ್ಟುತ್ತದೆ. ಒಂದು ತಲೆಮಾರಿನ ಗೂಡಿನ ಮೇಲೆ ಮುಂದಿನ ತಲೆಮಾರು ಕೂರುತ್ತದೆ.

ಅಟಾಲ್‌ಗಳು ಹೇಗಾದವು ಎಂಬುದಕ್ಕೆ ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಪ್ರಕಟಿಸಿದ ವಿವರಣೆ ಇಂದಿಗೂ ಮೂಲತಃ ನಿಂತಿದೆ. ಜ್ವಾಲಾಮುಖಿಯ ಬೆಟ್ಟವೊಂದು ಮೆಲ್ಲಮೆಲ್ಲನೆ ಕಡಲಿನಲ್ಲಿ ಕುಸಿಯುತ್ತಾ ಹೋಗುತ್ತದೆ. ಅದರ ಅಂಚಿನಲ್ಲಿದ್ದ ಹವಳ ಬಿಸಿಲನ್ನು ಬಿಡಲಾರದೆ ಮೇಲೆ ಮೇಲೆ ಬೆಳೆಯುತ್ತದೆ. ಬೆಟ್ಟ ಮುಳುಗುತ್ತದೆ, ಹವಳದ ಉಂಗುರ ಉಳಿಯುತ್ತದೆ. ಲಕ್ಷದ್ವೀಪದ ಬುಡದಲ್ಲಿರುವ ಬೆಟ್ಟಸಾಲನ್ನು ಹುಟ್ಟಿಸಿದ ಭೂಗರ್ಭದ ಬಿಸಿಯೇ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಲಾವಾ ಹಾಸನ್ನೂ ಉಕ್ಕಿಸಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ವಿಜಯಪುರ, ಕಲಬುರಗಿಗಳ ಎರೆಮಣ್ಣು ಆ ಲಾವಾ ಕಲ್ಲಿನ ಮಗು.

ಇನ್ನು ದ್ವೀಪದ ಬೆಳ್ಳನೆಯ ಮರಳು. ಗಿಳಿಮೀನಿಗೆ ಗಿಳಿಯ ಕೊಕ್ಕಿನಂತಹ ಗಟ್ಟಿ ಬಾಯಿ. ಅದು ಹವಳದ ಬಂಡೆಯನ್ನು ಕೆರೆದು ಅದರ ಮೇಲಿನ ಪಾಚಿಯನ್ನು ತಿನ್ನುತ್ತದೆ. ಜೊತೆಗೆ ನುಂಗಿದ ಸುಣ್ಣವನ್ನು ಪುಡಿಮಾಡಿ ಮರಳಾಗಿ ಹೊರಹಾಕುತ್ತದೆ. ದೊಡ್ಡ ಜಾತಿಯ ಒಂದು ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡಬಲ್ಲುದು. ಅಂದರೆ ಬೆಳೆಗಾರರು ಕಾಲಿಟ್ಟು ನಿಂತ ದಡ, ಅಲ್ಲಿನ ತೆಂಗು ಬೇರೂರಿದ ನೆಲ, ಎಲ್ಲವೂ ಜೀವಿಗಳ ದುಡಿಮೆ. ನಮ್ಮಲ್ಲಿ ಮಣ್ಣು ಮೊದಲು, ಜೀವಿ ಆಮೇಲೆ ಎಂಬ ಭಾವನೆಯಿದೆ. ಅಲ್ಲಿ ಜೀವಿ ಸತ್ತರೆ ನೆಲವೇ ಇಲ್ಲ.

ಉಪ್ಪಿನ ಮೇಲೆ ತೇಲುವ ಸಿಹಿನೀರು

ಬೆಳೆಗಾರರು ತೋಟದೊಳಗೆ ನಡೆದರೆಂದುಕೊಳ್ಳಿ. ಮರಗಳು ನಮ್ಮ ಲೆಕ್ಕಕ್ಕೆ ತೀರಾ ಒತ್ತೊತ್ತು. ಬಿದ್ದ ಕಾಯಿಯೇ ಮೊಳೆತು ಗಿಡವಾದ ಕಡೆ ಸಾಲಿಲ್ಲ, ಅಂತರವಿಲ್ಲ. ಕಾಯಿ ಚಿಕ್ಕದು, ಆದರೆ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ತಿಪಟೂರು ಎತ್ತರದ ತಳಿಯಲ್ಲಿ ಶೇಕಡಾ 68ರಷ್ಟು ಎಣ್ಣೆಯಿದ್ದರೆ ಲಕ್ಷದ್ವೀಪದ ಸಾಮಾನ್ಯ ತಳಿಯಲ್ಲಿ ಶೇಕಡಾ 72ರಷ್ಟಿರುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯು ಈ ತಳಿಯನ್ನು ಚಂದ್ರಕಲ್ಪ ಎಂಬ ಹೆಸರಿನಲ್ಲಿ 1985ರಲ್ಲಿ ಬಿಡುಗಡೆ ಮಾಡಿತು. ಕರ್ನಾಟಕಕ್ಕೂ ಶಿಫಾರಸು ಮಾಡಿತು. ಅಲ್ಲಿಯೇ ಇನ್ನೂ ಚಿಕ್ಕ ಕಾಯಿಯ ಒಂದು ತಳಿಯಿದೆ. ಅದು ಉಂಡೆ ಕೊಬ್ಬರಿಗೆ ಹೇಳಿ ಮಾಡಿಸಿದಂತಹುದು. ಕಾಯಿಯ ಮಟ್ಟೆಯನ್ನು ಲಗೂನ್‌ನ ಮರಳಿನಲ್ಲಿ ಹೂತು ತಿಂಗಳುಗಟ್ಟಲೆ ನೆನೆಸಿ, ಬಡಿದು ನಾರು ತೆಗೆದು ಹುರಿ ಹೊಸೆಯುವುದು ಹೆಂಗಸರ ಕಸುಬು. ಹೊಂಬಾಳೆಯಿಂದ ಇಳಿಸಿದ ಸಿಹಿಯಾದ ನೀರಾದಿಂದ ಬೆಲ್ಲ, ಹುಳಿಯಾದುದರಿಂದ ವಿನೆಗರ್.

ಆದರೆ ಬೆಳೆಗಾರರನ್ನು ತಡೆದು ನಿಲ್ಲಿಸಬೇಕಾದದ್ದು ಅಲ್ಲಿನ ಬಾವಿ. ಸುತ್ತಲೂ ಉಪ್ಪುನೀರು, ನಡುವೆ ಹತ್ತಾರು ಅಡಿ ದೂರದಲ್ಲಿ ಒಂದಾಳುದ್ದದ ಬಾವಿಯಲ್ಲಿ ಸಿಹಿನೀರು! ಇದು ಪವಾಡವಲ್ಲ. ದ್ವೀಪದ ಮೇಲೆ ವರ್ಷಕ್ಕೆ 1,500ರಿಂದ 1,600 ಮಿಲಿಮೀಟರು ಮಳೆ ಬೀಳುತ್ತದೆ. ಅದು ಮರಳಿನಲ್ಲಿ ನೇರವಾಗಿ ಇಂಗುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದುದರಿಂದ ಕೆಳಗಿನ ಸಮುದ್ರದ ನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತದೆ. ಸಮುದ್ರಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರು ನಿಂತರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬಲ್ಲದೆಂಬುದು ಸಿದ್ಧಾಂತ. ಮರಳಿನಲ್ಲಿ ಎರಡೂ ಬೆರೆಯುವುದರಿಂದ ವಾಸ್ತವದಲ್ಲಿ ಅಷ್ಟು ದಪ್ಪ ಇರುವುದಿಲ್ಲ. ಕಡಲಿನ ಉಬ್ಬರ ಇಳಿತಕ್ಕೆ ಬಾವಿಯ ನೀರೂ ಏರಿಳಿಯುತ್ತದೆ.

ಈ ಲೆಕ್ಕವನ್ನು ತಿರುಗಿಸಿ ನೋಡಬೇಕು. ಮೇಲಿನ ಒಂದು ಅಡಿಯನ್ನು ಎಳೆದುಬಿಟ್ಟರೆ ಕೆಳಗಿನಿಂದ 40 ಅಡಿ ಉಪ್ಪು ಮೇಲೇರುತ್ತದೆ. ಕೊಡದಿಂದ ಮೊಗೆದರೆ ಮೇಲಿನ ಪದರ ಮಾತ್ರ ಬರುತ್ತದೆ. ಪಂಪು ಹಾಕಿ ಎಳೆದರೆ ಬಾವಿಯ ತಳದಲ್ಲಿ ಉಪ್ಪುನೀರು ಗೋಪುರದಂತೆ ಎದ್ದು ಬರುತ್ತದೆ. ಒಮ್ಮೆ ಉಪ್ಪಾದ ಬಾವಿ ತಿಳಿಯಾಗಲು ಮಳೆಗಾಲಗಳನ್ನು ಕಾಯಬೇಕು. ಶೌಚದ ಗುಂಡಿಯ ನೀರೂ ಇದೇ ಮಸೂರಕ್ಕೆ ಸೇರುತ್ತದೆ. ಜನಸಂಖ್ಯೆ ಏರಿದಂತೆ ಬಾವಿ ಸಾಲದಾಯಿತು. ಆಗ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರು ಸಿಹಿನೀರು ಕೊಡುವ ಘಟಕ ಸ್ಥಾಪಿಸಿತು. ಆಮೇಲೆ ಮಿನಿಕಾಯ್, ಅಗತ್ತಿಗಳಲ್ಲೂ ಸ್ಥಾಪಿಸಿತು. ಮೇಲ್ಮೈಯ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ನೂರಾರು ಮೀಟರು ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುವ ವಿಧಾನವದು. ಕುಡಿಯುವುದಕ್ಕೆ ಇದು ಸರಿ. ತೆಂಗಿಗೆ ಇಂದಿಗೂ ಮಳೆ ಮತ್ತು ಆ ಮಸೂರವೇ ಗತಿ.

ಇಲ್ಲಿ ಬೆಳೆಗಾರರು ತಮ್ಮ ಊರನ್ನು ನೆನೆಯದಿರಲಾರರು. ಈ ಸೀಮೆಯಲ್ಲಿ ಬೀಳುವ ಮಳೆ ಅಲ್ಲಿನ ಮಳೆಯ ಅರ್ಧದ ಆಸುಪಾಸು. ಹಿಂದೆ ತೆರೆದ ಬಾವಿಯಲ್ಲಿ ಕಪಿಲೆಯಿಂದ ನೀರೆತ್ತಿದ ನೆಲದಲ್ಲಿಯೇ ಇಂದು ಕೊಳವೆಬಾವಿಗಳು ನೂರಾರು ಅಡಿ ದಾಟಿ ಇಳಿಯುತ್ತಿವೆ. 2016-17ರ ಬರದಲ್ಲಿ ತುಮಕೂರು, ಹಾಸನ ಜಿಲ್ಲೆಗಳ ತೋಟಗಳಲ್ಲಿ ಸುಳಿ ಬಾಗಿ ಒಣಗಿ ನಿಂತ ಮರಗಳನ್ನು ಕಂಡವರು ಈ ಸಭೆಯಲ್ಲಿಯೇ ಇದ್ದಾರೆ. ದ್ವೀಪದ ಬಾವಿ ಹೆಚ್ಚು ಎಳೆದರೆ ಮರುದಿನವೇ ನಾಲಿಗೆಗೆ ಉಪ್ಪು ತೋರಿಸಿ ಎಚ್ಚರಿಸುತ್ತದೆ. ನಮ್ಮ ಕೊಳವೆಬಾವಿ ಹಾಗೆ ಎಚ್ಚರಿಸುವುದಿಲ್ಲ. ಕೊನೆಯ ದಿನದವರೆಗೂ ಸಿಹಿನೀರನ್ನೇ ಕೊಟ್ಟು ಒಂದು ದಿನ ಗಾಳಿಯನ್ನು ಉಗುಳುತ್ತದೆ. ಎಲ್ಲೆ ಎರಡೂ ಕಡೆ ಇದೆ. ಅಲ್ಲಿ ಅದು ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ. ವ್ಯತ್ಯಾಸ ಇಷ್ಟೇ.

ಒಂದು ಗಾಳ, ಒಂದು ಮೀನು

ನಸುಕಿನಲ್ಲಿ ಮೀನಿನ ದೋಣಿ ಹೊರಡುತ್ತದೆ. ಮೊದಲು ಲಗೂನ್‌ನಲ್ಲಿ ಬೆರಳುದ್ದದ ಬೆಳ್ಳಿಮೀನುಗಳನ್ನು ಜೀವಂತ ಹಿಡಿದು ದೋಣಿಯೊಳಗಿನ ನೀರುತೊಟ್ಟಿಯಲ್ಲಿ ಇಟ್ಟುಕೊಳ್ಳುತ್ತಾರೆ. ಹೊರಗಡಲಿನಲ್ಲಿ ಚೂರ, ಅಂದರೆ ಟ್ಯೂನಾ ಮೀನಿನ ಹಿಂಡು ಸಿಕ್ಕಿದೊಡನೆ ಆ ಸಣ್ಣ ಮೀನುಗಳನ್ನು ಎರಚಿ, ನೀರನ್ನು ಚಿಮುಕಿಸಿ ಹಿಂಡನ್ನು ಕೆರಳಿಸುತ್ತಾರೆ. ದೋಣಿಯ ಹಿಂಭಾಗದಲ್ಲಿ ಸಾಲಾಗಿ ನಿಂತವರು ಉದ್ದನೆಯ ಕೋಲಿಗೆ ಕಟ್ಟಿದ, ಮುಳ್ಳಿಲ್ಲದ ಗಾಳದಿಂದ ಒಂದೊಂದೇ ಮೀನನ್ನು ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಗಾಳಕ್ಕೆ ಮುಳ್ಳಿಲ್ಲದ ಕಾರಣ ಮೀನು ತಾನೇ ಕಳಚಿ ದೋಣಿಯೊಳಗೆ ಬೀಳುತ್ತದೆ. ಮಿನಿಕಾಯ್‌ನವರ ಈ ಪರಂಪರಾಗತ ವಿಧಾನವನ್ನು 1960ರ ದಶಕದಿಂದೀಚೆಗೆ ಯಂತ್ರದೋಣಿಗಳೊಂದಿಗೆ ಇತರ ದ್ವೀಪಗಳಿಗೂ ಕಲಿಸಲಾಯಿತು. ಹಿಡಿದ ಮೀನನ್ನು ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿದರೆ ಮಾಸ್ ಆಗುತ್ತದೆ. ಕಟ್ಟಿಗೆಯಷ್ಟು ಗಟ್ಟಿಯಾದ ಇದು ಮಂಜುಗಡ್ಡೆಯಿಲ್ಲದೆ ತಿಂಗಳುಗಟ್ಟಲೆ ಕೆಡದು. ಉಂಡೆ ಕೊಬ್ಬರಿಯ ಕಲೆಗೆ ಇದು ಕಡಲಿನ ಒಡಹುಟ್ಟು.

ಈ ವಿಧಾನದ ಹಿರಿಮೆ ಕೇವಲ ಕೈಚಳಕದಲ್ಲಿಲ್ಲ. ಬಲೆ ಹಾಕಿ ಬಾಚಿದರೆ ಬೇಡದ ಮೀನು, ಮರಿ, ಆಮೆ ಎಲ್ಲವೂ ಸಾಯುತ್ತವೆ. ಇಲ್ಲಿ ಬೇಕಾದ ಮೀನು ಮಾತ್ರ ಬರುತ್ತದೆ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಹೊರಗಡಲಿನ ಟ್ಯೂನಾದಿಂದಲೇ ಜೀವನ ಸಾಗಿದ್ದರಿಂದ ಹವಳದ ದಂಡೆಯ ಮೀನುಗಳ ಮೇಲೆ ಹೆಚ್ಚಿನ ಒತ್ತಡ ಬೀಳಲಿಲ್ಲ. ಹೀಗೆ ಉಳಿದ ಗಿಳಿಮೀನು ಮುಂತಾದ ಪಾಚಿ ತಿನ್ನುವ ಮೀನುಗಳು ಮುಂದೊಂದು ದಿನ ದ್ವೀಪಗಳನ್ನೇ ಕಾಯಬೇಕಾಯಿತು.

ಹವಳ ಬಿಳಿಚಿದ ವರ್ಷಗಳು

ಆ ದಿನ ಬಂದದ್ದು 1998ರಲ್ಲಿ. ಎಲ್ ನಿನೊ ಪರಿಣಾಮದಿಂದ ಕಡಲಿನ ನೀರು ವಾಡಿಕೆಯ ಬೇಸಿಗೆಗಿಂತ ಒಂದೆರಡು ಡಿಗ್ರಿ ಹೆಚ್ಚು ಕಾದು ವಾರಗಟ್ಟಲೆ ಹಾಗೆಯೇ ಉಳಿಯಿತು. ಶಾಖ ತಾಳಲಾರದ ಹವಳ ತನ್ನ ಮೈಯೊಳಗಿನ ಪಾಚಿಯನ್ನು ಹೊರದೂಡಿತು. ಬಣ್ಣವೂ ಆಹಾರವೂ ಹೋಗಿ ಅದು ಸುಣ್ಣದಂತೆ ಬಿಳಿಚಿಕೊಂಡಿತು. ಬೇಗ ತಂಪಾದರೆ ಹವಳ ಚೇತರಿಸಿಕೊಳ್ಳುತ್ತದೆ; ತಡವಾದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ ಹವಳದ ಬಹುದೊಡ್ಡ ಪಾಲು ಸತ್ತಿತು. ಅದೇ 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯ ಅಂಬಲ್ಲೂರಿನಲ್ಲಿ ತೆಂಗಿನ ನುಸಿಪೀಡೆ ನಮ್ಮ ದೇಶದಲ್ಲಿ ಮೊದಲ ಬಾರಿಗೆ ಗುರುತಾಯಿತು. ಕೆಲವೇ ವರ್ಷಗಳಲ್ಲಿ ಈ ಸೀಮೆಯ ಕಾಯಿಗಳ ಮೇಲೂ ಕಂದು ಗೀರುಗಳು ಮೂಡಿದವು. ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಆ ವರ್ಷ ಎರಡು ತೆಂಗಿನ ಸೀಮೆಗಳಿಗೂ ಕೆಟ್ಟ ಸುದ್ದಿ ತಂದ ವರ್ಷ.

ಸತ್ತ ಹವಳದ ಮೇಲೆ ಪಾಚಿ ಹಬ್ಬಿದರೆ ಹೊಸ ಹವಳದ ಮರಿಗೆ ಕೂರಲು ಜಾಗವಿರುವುದಿಲ್ಲ. ಕಳೆ ತುಂಬಿದ ಮಡಿಯಲ್ಲಿ ಬೀಜ ಮೊಳೆಯದಂತೆ. ಪಾಚಿ ತಿನ್ನುವ ಮೀನುಗಳು ಅಲ್ಲಿ ಹೇರಳವಾಗಿದ್ದುದರಿಂದ ಅವು ಕಳೆ ಕಿತ್ತವು. ದಂಡೆ ನಿಧಾನವಾಗಿ ಮತ್ತೆ ಚಿಗುರಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯ ರೋಹನ್ ಆರ್ಥರ್ ಮತ್ತು ಸಂಗಡಿಗರು ಈ ಸಾವು ಮತ್ತು ಚಿಗುರನ್ನು ಎರಡು ದಶಕಗಳಿಗೂ ಮೀರಿ ಅಳೆದು ದಾಖಲಿಸಿದ್ದಾರೆ. ಕಡಲಿಲ್ಲದ ಮೈಸೂರಿನಿಂದ ಹೊರಟು ಕಡಲಿನ ನಾಡಿ ಹಿಡಿದ ಈ ಕೆಲಸ ವಿದ್ಯಾರ್ಥಿಗಳ ಗಮನಕ್ಕೆ ಬರಬೇಕು.

ಆದರೆ 2010ರಲ್ಲಿ ಮತ್ತೆ ಹವಳ ಬಿಳಿಚಿತು. 2016ರಲ್ಲಿ ಮತ್ತೊಮ್ಮೆ. 2024ರಲ್ಲಿ ಇನ್ನೊಮ್ಮೆ. ಎರಡು ಹೊಡೆತಗಳ ನಡುವೆ ಚೇತರಿಕೆಗೆ ಸಾಕಷ್ಟು ಕಾಲವೇ ಉಳಿಯದಾಯಿತು. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 1998ರಲ್ಲಿ ಸುಮಾರು ಶೇಕಡಾ 37ರಷ್ಟಿದ್ದ ಹವಳದ ಹೊದಿಕೆ 2022ರ ವೇಳೆಗೆ ಸುಮಾರು ಶೇಕಡಾ 19ಕ್ಕೆ ಇಳಿದಿತ್ತು. ಇದರೊಂದಿಗೆ, ದಂಡೆಯ ಮೀನುಗಳಿಗೆ ಹೊರಗಿನ ಪೇಟೆಗಳಲ್ಲಿ ಬೇಡಿಕೆ ಹುಟ್ಟಿ, ಕಳೆ ಕೀಳುವ ಆ ಮೀನುಗಳನ್ನೇ ಹಿಡಿಯುವುದು ಹೆಚ್ಚುತ್ತಿದೆ. ದಂಡೆ ಬೆಳೆಯದಿದ್ದರೆ ಅಲೆ ಒಳನುಗ್ಗುತ್ತದೆ. ಬಂಗಾರಂ ಅಟಾಲ್‌ನ ಪರಲಿ ಒಂದು ಎಂಬ ಪುಟ್ಟ ದ್ವೀಪ 1968ರಲ್ಲಿ ಸುಮಾರು ಎಂಟು ಎಕರೆ ಇತ್ತು. 2017ರಲ್ಲಿ ಪ್ರಕಟವಾದ ಅಧ್ಯಯನದಂತೆ ಅದು ಪೂರ್ತಿ ಕೊಚ್ಚಿಹೋಗಿದೆ. ಅದೇ ವರ್ಷದ ಒಖಿ ಚಂಡಮಾರುತ, 2021ರ ತೌಕ್ತೆ ಚಂಡಮಾರುತಗಳು ಅಲ್ಲಿನ ತೆಂಗನ್ನು ಬುಡಮೇಲು ಮಾಡಿದವು.

ಕಡಲನ್ನು ಕಾಯಿಸಿದವರು ಆ ದ್ವೀಪದವರಲ್ಲ. ಒಂದೊಂದೇ ಮೀನನ್ನು ಗಾಳದಿಂದ ಎತ್ತಿದವರ ಮನೆಯ ಮುಂದಿನ ಹವಳವನ್ನು ಕೊಂದದ್ದು ಇಡೀ ಜಗತ್ತಿನ ಹೊಗೆ. ಅದರಲ್ಲಿ ನಮ್ಮ ಪಾಲೂ ಇದೆ.

ಆಮೆ ಮತ್ತು ಆನೆ

ಅಲ್ಲಿ ಎಲ್ಲವೂ ಸಾಮರಸ್ಯದಿಂದಿದೆ ಎಂದು ಭ್ರಮಿಸಬಾರದು. ಅಗತ್ತಿಯ ಲಗೂನ್‌ನಲ್ಲಿ ಹಸಿರಾಮೆಗಳು ಬಹಳವಾಗಿ ನೆರೆದು ಕಡಲಹುಲ್ಲನ್ನು ಬುಡದವರೆಗೆ ಮೇಯ್ದುಬಿಟ್ಟವು. ಹುಲ್ಲಿನಲ್ಲಿ ಬೆಳೆಯುತ್ತಿದ್ದ ಮೀನು ಕಡಿಮೆಯಾಯಿತು, ಬಲೆ ಹರಿಯಿತು ಎಂದು ಮೀನುಗಾರರು ದೂರಿದರು. ಆಮೆ ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ, ಮುಟ್ಟುವಂತಿಲ್ಲ. ಹುಲ್ಲು ಮುಗಿದ ಮೇಲೆ ಆಮೆಗಳು ಬೇರೆ ದ್ವೀಪಗಳ ಲಗೂನ್‌ಗಳಿಗೆ ಸಾಗಿದವು. ದೂರೂ ಅವುಗಳ ಹಿಂದೆಯೇ ಸಾಗಿತು. ಸಕಲೇಶಪುರ, ಆಲೂರು ಭಾಗದ ಮಲೆನಾಡಿನ ರೈತರಿಗೆ ಈ ಕಥೆ ಹೊಸದಲ್ಲ. ಅಲ್ಲಿ ಆಮೆ, ಇಲ್ಲಿ ಆನೆ. ಕಾಯಬೇಕಾದ ಪ್ರಾಣಿ ಮತ್ತು ಉಣ್ಣಬೇಕಾದ ಮನುಷ್ಯ ಎದುರಾದಾಗ ನಷ್ಟದ ಹೊರೆಯನ್ನು ಬಡವನೊಬ್ಬನ ಮೇಲೆ ಹೊರಿಸಿ ಸಂರಕ್ಷಣೆಯನ್ನು ಉಳಿಸಿಕೊಳ್ಳಲಾಗದು. ಈ ಪ್ರಶ್ನೆಗೆ ಅಲ್ಲಿಯೂ ಸುಲಭದ ಉತ್ತರ ದೊರೆತಿಲ್ಲ.

ಇನ್ನೊಂದು ಪ್ರಶ್ನೆ ಪ್ರವಾಸದ್ದು. 2021ರಲ್ಲಿ ದ್ವೀಪಗಳ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಹೊರಬಿದ್ದಾಗ, ತಮ್ಮ ನೆಲ ಕೈತಪ್ಪೀತೆಂದು ದ್ವೀಪವಾಸಿಗಳು ಪ್ರಬಲವಾಗಿ ವಿರೋಧಿಸಿದರು. 2024ರಿಂದೀಚೆಗೆ ಅಲ್ಲಿಗೆ ಹೋಗಬಯಸುವವರ ಸಂಖ್ಯೆ ಏರಿದೆ. ಹೋಗುವುದು ತಪ್ಪಲ್ಲ. ಆದರೆ ಒಬ್ಬ ಅತಿಥಿ ಸ್ನಾನಕ್ಕೆ ಸುರಿದ ನೀರು ಯಾವ ಮಸೂರದ್ದು, ಬಿಟ್ಟುಬಂದ ಕಸ ಎಲ್ಲಿ ಹೋಗುತ್ತದೆ ಎಂಬ ಲೆಕ್ಕ ಮೊದಲು ಆಗಬೇಕು. ಹವಳದ ಮೇಲೆ ಕಾಲಿಡದೆ, ಒಂದು ಚೂರನ್ನೂ ಎತ್ತಿ ತರದೆ ಹಿಂದಿರುಗುವವನೇ ಒಳ್ಳೆಯ ಅತಿಥಿ. ದ್ವೀಪದವರಾದರೋ ತಮ್ಮ ಕೃಷಿಯಲ್ಲಿ ರಾಸಾಯನಿಕಗಳನ್ನು ಕೈಬಿಟ್ಟಿದ್ದಾರೆ. ಇಡೀ ಲಕ್ಷದ್ವೀಪ 2021ರ ವೇಳೆಗೆ ಸಾವಯವ ಪ್ರದೇಶವೆಂದು ಕೇಂದ್ರ ಕೃಷಿ ಸಚಿವಾಲಯದ ಮಾನ್ಯತೆ ಪಡೆಯಿತು. ಮರದ ಬುಡಕ್ಕೆ ಹಾಕಿದ್ದು ಬಾವಿಗೆ, ಅಲ್ಲಿಂದ ಲಗೂನ್‌ಗೆ ಹೋಗುವ ನೆಲದಲ್ಲಿ ಇದು ಕೇವಲ ಆದರ್ಶವಲ್ಲ, ಉಳಿವಿನ ದಾರಿ.

ನಮ್ಮ ಹವಳದ ದಂಡೆ

ಬೆಳೆಗಾರರು ಊರಿಗೆ ಮರಳಿದರು. ತಂದದ್ದೇನು? ಚಂದ್ರಕಲ್ಪದ ಸಸಿಯನ್ನಲ್ಲ, ಅದು ಇಲ್ಲಿಯೂ ಸಿಗುತ್ತದೆ. ಅವರು ತಂದದ್ದು ಒಂದು ಪ್ರಶ್ನೆ: ದಬ್ಬೇಘಟ್ಟವೂ ಒಂದು ದ್ವೀಪವಲ್ಲವೇ?

ಈ ನೆಲಕ್ಕೆ ಬೀಳುವ ಮಳೆಗೆ ಒಂದು ಎಲ್ಲೆಯಿದೆ. ಅದರಲ್ಲಿ ಇಂಗಿದ್ದಷ್ಟೇ ಅಂತರ್ಜಲ. ಅದಕ್ಕೆ ಹೊರತಾಗಿ ಬರುವುದು ಹೇಮಾವತಿ ನಾಲೆಯ ನೀರು. ಆ ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಬೆಟ್ಟಗಳಲ್ಲಿ. ಅಲ್ಲಿನ ಶೋಲಾ ಕಾಡುಗಳು ಮುಂಗಾರಿನ ಹೊಡೆತವನ್ನು ತಡೆದು, ನೀರನ್ನು ಹೀರಿ, ತಿಂಗಳುಗಟ್ಟಲೆ ಹನಿಹನಿಯಾಗಿ ಬಿಡುತ್ತವೆ. ಹವಳದ ದಂಡೆ ಅಲೆಯನ್ನು ಒಡೆದು ದ್ವೀಪವನ್ನು ಕಾಯುವಂತೆ ಆ ಕಾಡು ಈ ಬಯಲನ್ನು ಕಾಯುತ್ತದೆ. ಅದೂ ಜೀವಿಗಳು ಕಟ್ಟಿದ ದಂಡೆಯೇ. ಅದೂ ಸತ್ತರೆ ಮತ್ತೆ ಬೆಳೆಯಲು ತಲೆಮಾರುಗಳು ಬೇಕು. ಬೆಟ್ಟದ ಹಳ್ಳಿಯವರು ಕಾಡಿಗಾಗಿ ಹೋರಾಡುವಾಗ ತೆಂಗಿನ ಸೀಮೆಯವರು ಅದು ತಮಗೆ ಸಂಬಂಧಿಸಿದ್ದಲ್ಲವೆಂದು ಸುಮ್ಮನಿರುವುದು, ದ್ವೀಪದವನು ದಂಡೆ ತನ್ನದಲ್ಲವೆಂದಂತೆ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಊರಿನಲ್ಲಿ ಉಳಿದಿರುವ ಒಂದು ತೆರೆದ ಬಾವಿಯನ್ನು ಆರಿಸಿಕೊಂಡು, ಹಗ್ಗಕ್ಕೆ ಗಂಟು ಹಾಕಿ, ಪ್ರತಿ ಹುಣ್ಣಿಮೆಯಂದು ನೀರಿನ ಮಟ್ಟವನ್ನು ಅಳೆದು ಶಾಲೆಯ ಗೋಡೆಯ ಮೇಲೆ ಬರೆಯುವ ಹೊಣೆಯನ್ನು ವಿದ್ಯಾರ್ಥಿಗಳು ಹೊತ್ತುಕೊಳ್ಳಲಿ. ಪಕ್ಕದಲ್ಲಿ ಮಳೆಯ ಲೆಕ್ಕವೂ ಇರಲಿ. ಕಾಣದ ಎಲ್ಲೆ ಆಗ ಕಾಣತೊಡಗುತ್ತದೆ. ಬೆಳೆಗಾರರು ತೆಂಗಿನ ಮಟ್ಟೆಯನ್ನು ಒಲೆಗೆ ಹಾಕುವ ಬದಲು ಮರದ ಪಾತಿಯಲ್ಲಿ ಹೂಳಲಿ. ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಕೆರೆಗೆ ಬರುವ ಹಳ್ಳಗಳನ್ನು ಒತ್ತುವರಿಯಿಂದ ಬಿಡಿಸಲಿ. ಇನ್ನೊಂದು ಕೊಳವೆಬಾವಿ ಕೊರೆಸುವ ಮೊದಲು ಆ ಗೋಡೆಯ ಮೇಲಿನ ಲೆಕ್ಕವನ್ನು ಒಮ್ಮೆ ಓದಲಿ.

ಲಕ್ಷದ್ವೀಪಕ್ಕೆ ಎಲ್ಲರೂ ಹೋಗಲಾಗದು. ಹೋಗಲೇಬೇಕೆಂಬ ವಿದ್ಯಾರ್ಥಿಗಳಿಗೆ ಮುರುಡೇಶ್ವರದ ಆಚೆಗಿನ ನೇತ್ರಾಣಿ ಹತ್ತಿರದಲ್ಲಿದೆ. ಅಲ್ಲಿಯೂ ಹವಳವಿದೆ, ಬಣ್ಣದ ಮೀನುಗಳಿವೆ. ಅದಕ್ಕೂ ಮೊದಲು ತಮ್ಮ ಊರಿನ ಬಾವಿಯೊಳಗೆ ಇಣುಕಿ ನೋಡಲಿ. ಅಲ್ಲಿ ಕಾಣುವ ನೀರಿನ ತುಣುಕು ಈ ದ್ವೀಪದ ಲಗೂನ್. ಅದು ಎಷ್ಟು ಕೆಳಗಿದೆ ಎಂಬುದು ಇಂದು ರಾತ್ರಿ ಮನೆಗೆ ಹೋಗುವ ಮುನ್ನ ಒಬ್ಬರಾದರೂ ಅಳೆದರೆ ಈ ಉಪನ್ಯಾಸ ಸಾರ್ಥಕ.